ರ‍್ಯಾಗ್‌ಟೈಮ್ ಸತ್ತಿರಲಿಲ್ಲ

ಅಮೆರಿಕದ ರ‍್ಯಾಗ್‌ಟೈಮ್ ಸಂಗೀತದ ಬಗ್ಗೆ ಎಲ್ಲರೂ ಹೇಳುವ ಕಥೆ ಹೆಚ್ಚುಕಡಿಮೆ ಒಂದೇ. 1899ರಲ್ಲಿ ಸ್ಕಾಟ್ ಜೋಪ್ಲಿನ್ ಎಂಬ ಕಪ್ಪುವರ್ಣೀಯ ಸಂಯೋಜಕರ ‘ಮೇಪಲ್ ಲೀಫ್ ರ‍್ಯಾಗ್’ ಅಚ್ಚಾಯಿತು. ಹತ್ತು ಹದಿನೈದು ವರ್ಷ ಆ ದೇಶದ ಮನೆ, ಹೋಟೆಲು, ನಾಟಕಶಾಲೆಗಳ ಪಿಯಾನೊಗಳೆಲ್ಲ ಅದೇ ಬಗೆಯ ಸಂಗೀತ ನುಡಿದವು. 1917ರ ಏಪ್ರಿಲ್ 1ರಂದು ಜೋಪ್ಲಿನ್ ನ್ಯೂಯಾರ್ಕಿನ ಮನೋರೋಗಿಗಳ ಆಸ್ಪತ್ರೆಯೊಂದರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಜಾಝ್ ಬಂದಿತ್ತು, ರ‍್ಯಾಗ್‌ಟೈಮ್ ಸತ್ತುಹೋಯಿತು. ಮುಂದೆ ಐವತ್ತು ವರ್ಷ ಯಾರೂ ಮೂಸಿ ನೋಡದ ಆ ಸಂಗೀತಕ್ಕೆ 1973ರಲ್ಲಿ ಬಂದ ‘ದಿ ಸ್ಟಿಂಗ್’ ಸಿನಿಮಾ ಮರುಜೀವ ಕೊಟ್ಟಿತು. ಅದರಲ್ಲಿ ಬಳಸಿಕೊಂಡ ಜೋಪ್ಲಿನ್ ಅವರ ‘ದಿ ಎಂಟರ್‌ಟೇನರ್’ 1974ರಲ್ಲಿ ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಮೂರನೇ ಸ್ಥಾನಕ್ಕೇರಿತು. ಅದೇ ವರ್ಷ ಜೋಪ್ಲಿನ್ ಅವರ ಗುರುತಿಲ್ಲದ ಸಮಾಧಿಗೆ ಹೆಸರಿನ ಫಲಕ ಬಿತ್ತು, 1976ರಲ್ಲಿ ಮರಣೋತ್ತರವಾಗಿ ಪುಲಿಟ್ಜರ್ ಗೌರವ ಸಂದಿತು. ಹುಟ್ಟು, ಸಾವು, ಮರುಹುಟ್ಟು ಎಲ್ಲ ಇರುವ ಈ ಕಥೆ ಕೇಳಲು ಸೊಗಸಾಗಿದೆ, ಅದಕ್ಕೇ ಇಷ್ಟು ದಿನ ಬಾಳಿಕೆ ಬಂದಿದೆ. ಆದರೆ ಅದರ ನಡುವಿನ ಭಾಗ ಸುಳ್ಳು. ರ‍್ಯಾಗ್‌ಟೈಮ್ ಆ ಐವತ್ತು ವರ್ಷ ಸತ್ತಿರಲಿಲ್ಲ. ಹಣ, ಹೆಸರು, ಕೇಳುಗರು ಯಾವುದೂ ಇಲ್ಲದ ಕಾಲದಲ್ಲೂ ಅದನ್ನು ಬಿಡದೆ ನುಡಿಸುತ್ತ ಬಂದ ಕೆಲವು ಪಿಯಾನೊ ವಾದಕರ ಕೈಯಲ್ಲಿ ಅದು ಉಳಿದಿತ್ತು. ಈ ಸಂಗೀತ ಇಂದು ನಮಗೆ ದಕ್ಕಿರುವುದರಲ್ಲಿ ಸಿನಿಮಾದ ಪಾಲಿಗಿಂತ ಅವರ ಪಾಲು ದೊಡ್ಡದು. ಅವರಲ್ಲಿ ಯೂಬಿ ಬ್ಲೇಕ್ ಅವರ ಹೆಸರು ಮೊದಲು ಬರಬೇಕು.

ವಾದಕ್ಕೆ ಇಳಿಯುವ ಮುನ್ನ ಈ ಸಂಗೀತದ ಕಟ್ಟು ಎಂಥದೆಂದು ಸ್ವಲ್ಪ ನೋಡಬೇಕು, ಏಕೆಂದರೆ ವಾದ ನಿಂತಿರುವುದೇ ಅದರ ಮೇಲೆ. ರ‍್ಯಾಗ್‌ಟೈಮ್‌ನಲ್ಲಿ ಎಡಗೈ ಕೆಳಸ್ಥಾಯಿಯ ಒಂದು ಸ್ವರ ಒತ್ತಿ, ಜಿಗಿದು ನಡುಸ್ಥಾಯಿಯ ಒಂದು ಸ್ವರಗುಚ್ಛ ಒತ್ತಿ, ಮತ್ತೆ ಕೆಳಗೆ, ಮತ್ತೆ ನಡುವೆ ಎಂದು ಸಿಪಾಯಿಗಳ ಮಾರ್ಚಿನ ನಡೆಯಲ್ಲಿ ಹೋಗುತ್ತಿರುತ್ತದೆ. ಬಲಗೈಯ ಒತ್ತು ಮಾತ್ರ ಆ ಹೆಜ್ಜೆಗಳ ಮೇಲೆ ಬೀಳದೆ ಸಂದಿಯಲ್ಲಿ ಬೀಳುತ್ತದೆ. ನಮ್ಮ ಕಚೇರಿಗಳಲ್ಲಿ ತಾಳದ ಘಾತ ತಪ್ಪದೆ ಬೀಳುತ್ತಿರುವಾಗ ಪಲ್ಲವಿಯ ಎತ್ತುಗಡೆ ಸಮ ಬಿಟ್ಟು ಅರೆ ಅಕ್ಷರ ತಡವಾಗಿ ಬಂದಾಗ ಆಗುವ ಸೆಳೆತವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ತಾಳ ಹಾಕುವವರೂ ಎತ್ತುವವರೂ ಒಬ್ಬರೇ, ಎಡಗೈ ಬಲಗೈಗಳ ನಡುವೆಯೇ ಆ ಜಗ್ಗಾಟ ನಡೆಯಬೇಕು. ಒಂದು ಕೃತಿಯಲ್ಲಿ ಸಾಮಾನ್ಯವಾಗಿ ಹದಿನಾರು ಆವರ್ತಗಳ ನಾಲ್ಕು ಖಂಡಗಳಿರುತ್ತವೆ. ಮೂರನೇ ಖಂಡಕ್ಕೆ ಬಂದಾಗ ಶ್ರುತಿ ಬದಲಾಗಿ ಹೊಸ ಕೋಣೆಯ ಬಾಗಿಲು ತೆರೆದಂತಾಗುತ್ತದೆ. ‘ಮೇಪಲ್ ಲೀಫ್ ರ‍್ಯಾಗ್’ನ ಮೊದಲ ಖಂಡದ ನಡುವೆ ಎಡಗೈಯ ನಡಿಗೆ ಇದ್ದಕ್ಕಿದ್ದಂತೆ ನಿಲ್ಲುತ್ತದೆ, ಮೇಜರ್‌ನಲ್ಲಿದ್ದ ರಾಗಭಾವ ಮೈನರ್‌ಗೆ ಹೊರಳುತ್ತದೆ, ಎರಡೂ ಕೈಗಳು ಒಂದರ ಬೆನ್ನಿಗೊಂದು ಕೆಳಸ್ಥಾಯಿಯಿಂದ ಮೇಲಕ್ಕೆ ಹತ್ತುತ್ತವೆ. ಅಷ್ಟರಲ್ಲೇ ಮತ್ತೆ ಬೆಳಕು. ಹತ್ತು ಸೆಕೆಂಡೂ ಇಲ್ಲದ ಆ ತಿರುವಿನಲ್ಲಿ ಜೋಪ್ಲಿನ್ ಎಂಥ ಸಂಯೋಜಕರೆಂಬುದು ಗೊತ್ತಾಗುತ್ತದೆ. ಮಿಸೌರಿಯ ಸೆಡೇಲಿಯಾ ಎಂಬ ರೈಲ್ವೆ ಪಟ್ಟಣದಲ್ಲಿ ಸಂಗೀತದ ಅಂಗಡಿ ಇಟ್ಟಿದ್ದ ಜಾನ್ ಸ್ಟಾರ್ಕ್ ಇದನ್ನು ಪ್ರಕಟಿಸಿದರು, ಮಾರಾಟವಾದ ಪ್ರತಿ ಸ್ವರಲಿಪಿ ಹಾಳೆಗೆ ಒಂದು ಸೆಂಟ್‌ನಂತೆ ಸಂಯೋಜಕರಿಗೆ ಗೌರವಧನ ಕೊಡುವ ಕರಾರು ಮಾಡಿಕೊಂಡರು. ಕಪ್ಪುವರ್ಣೀಯ ಸಂಯೋಜಕರ ಕೈಗೆ ಹತ್ತಿಪ್ಪತ್ತು ಡಾಲರ್ ಇಟ್ಟು ಹಕ್ಕನ್ನೇ ಬರೆಸಿಕೊಳ್ಳುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಹಾಳೆ ಮಾರಾಟವಾದದ್ದರಿಂದ ರ‍್ಯಾಗ್‌ಟೈಮ್ ಹರಡಿತು ಎಂಬುದು ನಿಜ. 1909ರ ಒಂದೇ ವರ್ಷದಲ್ಲಿ ಅಮೆರಿಕದಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ಪಿಯಾನೊ ತಯಾರಾದವು, ಅಷ್ಟು ಮನೆಗಳಿಗೆ ನುಡಿಸಲು ಏನಾದರೂ ಬೇಕಿತ್ತು. ಆದರೆ ಹಾಳೆಯ ಮೇಲೆ ಬಂದದ್ದು ಈ ಸಂಗೀತದ ಒಂದು ಭಾಗ ಮಾತ್ರ. ಪಾಶ್ಚಾತ್ಯ ಲಿಪಿ ಒಂದು ಸ್ವರ ಎಷ್ಟು ಹೊತ್ತು ನಿಲ್ಲಬೇಕೆಂದು ಅರ್ಧ, ಕಾಲು, ಅರೆಕಾಲು ಎಂಬ ಲೆಕ್ಕದಲ್ಲಿ ಹೇಳಬಲ್ಲದು. ಸಂದಿಯಲ್ಲಿ ಬೀಳುವ ಆ ಒತ್ತು ಕೂದಲೆಳೆಯಷ್ಟು ಮುಂಚೆಯೋ ತಡವಾಗಿಯೋ ಬರಬೇಕಾದಲ್ಲಿ, ಎಡಗೈಯ ಒಂದು ಸ್ವರ ಇನ್ನೊಂದಕ್ಕಿಂತ ಕೊಂಚ ಭಾರವಾಗಬೇಕಾದಲ್ಲಿ ಅದರ ಲೆಕ್ಕ ಸಾಲದು. ಜೋಪ್ಲಿನ್ ಅವರಿಗೇ ಈ ಕೊರತೆ ಗೊತ್ತಿತ್ತು. 1908ರಲ್ಲಿ ಅವರು ‘ಸ್ಕೂಲ್ ಆಫ್ ರ‍್ಯಾಗ್‌ಟೈಮ್’ ಎಂಬ ಆರು ಅಭ್ಯಾಸಪಾಠಗಳ ಚಿಕ್ಕ ಪುಸ್ತಕ ಪ್ರಕಟಿಸಿದರು, ತಮ್ಮ ಹಾಳೆಗಳ ಮೇಲೆ ಈ ಸಂಗೀತವನ್ನು ವೇಗವಾಗಿ ಓಡಿಸಬೇಡಿ ಎಂಬ ಸೂಚನೆ ಅಚ್ಚು ಹಾಕಿಸಿದರು. ಲಿಪಿಯಲ್ಲೇ ಎಲ್ಲ ಇದ್ದಿದ್ದರೆ ಇಂಥ ಪುಸ್ತಕವೂ ಬೇಕಿರಲಿಲ್ಲ, ಸೂಚನೆಯೂ ಬೇಕಿರಲಿಲ್ಲ. ಹಾಳೆ ಹೇಳಲಾರದ್ದನ್ನು ಹೇಳಬಲ್ಲದ್ದು ನುಡಿಸುವವರ ಕೈ ಮಾತ್ರ. ಆ ಕೈಗಳು ಒಂದೂ ಉಳಿಯದಿದ್ದರೆ ಮುಂದಿನವರು ಎಷ್ಟೇ ಪಂಡಿತರಾದರೂ ಊಹೆಯ ಮೇಲೆ ನುಡಿಸಬೇಕಾಗುತ್ತಿತ್ತು.

ಯೂಬಿ ಬ್ಲೇಕ್ ಬಾಲ್ಟಿಮೋರ್ ನಗರದಲ್ಲಿ ಹುಟ್ಟಿದರು. ತಂದೆತಾಯಿ ಇಬ್ಬರೂ ಗುಲಾಮಗಿರಿಯಲ್ಲಿ ಹುಟ್ಟಿದವರು. ತಂದೆ ಬಂದರಿನಲ್ಲಿ ಹಡಗಿಗೆ ಸರಕು ಏರಿಸಿ ಇಳಿಸುವ ಕೂಲಿ, ತಾಯಿ ದೈವಭಕ್ತೆ. ಹುಡುಗನಿಗೆ ಸಂಗೀತದ ಕೈ ಇದೆಯೆಂದು ಗೊತ್ತಾದಾಗ ಆ ಬಡ ಕುಟುಂಬ ವಾರದ ಕಂತಿನ ಮೇಲೆ ಕಾಲಿನಿಂದ ಗಾಳಿ ಒತ್ತುವ ಆರ್ಗನ್ ಒಂದನ್ನು ಮನೆಗೆ ತಂದಿತು. ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದ ಮಹಿಳೆಯೊಬ್ಬರು ಪಾಠ ಹೇಳಿದರು. ಹುಡುಗ ಮನೆಯಲ್ಲಿ ರ‍್ಯಾಗ್‌ಟೈಮ್ ನುಡಿಸಿದರೆ ಮಾತ್ರ ತಾಯಿ ಸಹಿಸುತ್ತಿರಲಿಲ್ಲ. ಹದಿಹರೆಯದಲ್ಲೇ ಬ್ಲೇಕ್ ಕತ್ತಲಾದ ಮೇಲೆ ಮನೆಯಿಂದ ಜಾರಿಕೊಂಡು ವೇಶ್ಯಾಗೃಹವೊಂದರಲ್ಲಿ ಪಿಯಾನೊ ನುಡಿಸುತ್ತಿದ್ದರು. 1907ರ ಸುಮಾರಿಗೆ ಲೈಟ್‌ವೇಟ್ ಬಾಕ್ಸಿಂಗ್ ಚಾಂಪಿಯನ್ ಆಗಿದ್ದ ಜೋ ಗ್ಯಾನ್ಸ್ ಅವರ ಗೋಲ್ಡ್‌ಫೀಲ್ಡ್ ಹೋಟೆಲಿನಲ್ಲಿ ಕೆಲಸ ಸಿಕ್ಕಿತು. 1914ರಲ್ಲಿ ‘ಶೆವಿ ಚೇಸ್’, ‘ಫಿಜ್ ವಾಟರ್’ ಎಂಬ ಎರಡು ರ‍್ಯಾಗ್‌ಗಳು ಅಚ್ಚಾದವು. ಆದರೆ ಅವರ ಹೆಸರಿನೊಂದಿಗೆ ಬೆಸೆದುಕೊಂಡಿರುವ ಕೃತಿ ‘ಚಾರ್ಲ್ಸ್‌ಟನ್ ರ‍್ಯಾಗ್’. ಅದನ್ನು ಕಟ್ಟಿದ್ದು 1899ರಲ್ಲಿ, ಆಗ ಸ್ವರಲಿಪಿ ಬರೆಯಲು ಬರುತ್ತಿರಲಿಲ್ಲವಾದ್ದರಿಂದ ಬಹಳ ವರ್ಷ ಕೈಯಲ್ಲೇ ಉಳಿಯಿತು ಎಂದು ಅವರು ಹೇಳುತ್ತಿದ್ದರು.

ನನ್ನ ವಾದಕ್ಕೆ ಬೇಕಾದ ಮುಖ್ಯ ಸಾಕ್ಷಿ ಇದೇ ಕೃತಿ. 1917ರಲ್ಲಿ ಬ್ಲೇಕ್ ಇದನ್ನು ಪಿಯಾನೊ ರೋಲ್‌ಗೆ ನುಡಿಸಿದರು. ಕಾಗದದ ಸುರುಳಿಯ ಮೇಲೆ ತೂತುಗಳಾಗಿ ದಾಖಲಾಗಿ, ಯಂತ್ರ ಪಿಯಾನೊದಲ್ಲಿ ಹಾಕಿದರೆ ಕೀಲಿಗಳು ತಾವೇ ಒತ್ತಿಕೊಳ್ಳುವ ವ್ಯವಸ್ಥೆ ಅದು. 1921ರಲ್ಲಿ ಇದೇ ಕೃತಿ ‘ಸೌಂಡ್ಸ್ ಆಫ್ ಆಫ್ರಿಕಾ’ ಎಂಬ ಹೆಸರಿನಲ್ಲಿ ಎಮರ್ಸನ್ ಕಂಪನಿಯ ಗ್ರಾಮಫೋನ್ ತಟ್ಟೆಯಾಗಿ ಬಂತು. ನಲವತ್ತೆಂಟು ವರ್ಷಗಳ ಬಳಿಕ, 1969ರಲ್ಲಿ, ಕೊಲಂಬಿಯಾ ಕಂಪನಿ ‘ದಿ ಎಯ್ಟಿ-ಸಿಕ್ಸ್ ಇಯರ್ಸ್ ಆಫ್ ಯೂಬಿ ಬ್ಲೇಕ್’ ಎಂಬ ಜೋಡಿ ಎಲ್‌ಪಿ ತಂದಾಗ ಅದರಲ್ಲೂ ಅವರು ಇದನ್ನು ನುಡಿಸಿದ್ದಾರೆ. ಒಂದೇ ಕೃತಿ, ಒಂದೇ ಕೈ, ಅರ್ಧ ಶತಮಾನದ ಅಂತರದ ದಾಖಲೆಗಳು: ರ‍್ಯಾಗ್‌ಟೈಮ್ ಚರಿತ್ರೆಯಲ್ಲಿ ಇಂಥ ಭಾಗ್ಯ ಮತ್ತೆಲ್ಲಿದೆ? ತಟ್ಟೆಯ ಸವೆದ ಧ್ವನಿಯ ಹಿಂದೆ, ಎಲ್‌ಪಿಯ ಸ್ಪಷ್ಟ ಧ್ವನಿಯಲ್ಲಿ, ಎರಡರಲ್ಲೂ ಎಡಗೈಯನ್ನು ಗಮನಿಸಿ ಕೇಳಬೇಕು. ಜೋಪ್ಲಿನ್ ಅವರ ಎಡಗೈಯಂತೆ ಅದು ಕೆಳಗೊಂದು ನಡುವೊಂದು ಎಂದು ಜಿಗಿಯುತ್ತ ಕೂರುವುದಿಲ್ಲ. ಒಂದು ಸ್ವರವನ್ನೂ ಅದರ ಮೇಲಿನ ಸ್ಥಾಯಿಯ ಅದೇ ಸ್ವರವನ್ನೂ ಬಿಡಿಬಿಡಿಯಾಗಿ ಒತ್ತುತ್ತ, ಹೆಬ್ಬೆರಳು ಕಿರುಬೆರಳುಗಳ ನಡುವೆ ತೂಗುತ್ತ ನಡೆಯುತ್ತದೆ. ಬ್ಲೇಕ್ ಅವರ ಕೈ ಅಸಾಧಾರಣ ಅಗಲದ್ದು, ಬೆರಳುಗಳು ನೀಳವಾದವು, ಆ ಅಗಲದ ಉಪಯೋಗ ಇಲ್ಲಿ ಕೇಳಿಸುತ್ತದೆ. ಪೂರ್ವ ಕರಾವಳಿಯ ಪಿಯಾನೊ ವಾದಕರ ಈ ನಡೆಯೇ ಮುಂದೆ ನ್ಯೂಯಾರ್ಕಿನ ಹಾರ್ಲೆಮ್‌ನ ಸ್ಟ್ರೈಡ್ ಎಂಬ ಪಿಯಾನೊ ಶೈಲಿಗೆ ದಾರಿ ಮಾಡಿತು. ಅದನ್ನು ಸಂಗೀತಶಾಸ್ತ್ರಜ್ಞರು ಪುಸ್ತಕ ನೋಡಿ ಕಲ್ಪಿಸಿಕೊಳ್ಳಬೇಕಾಗಿ ಬರಲಿಲ್ಲ, ನುಡಿಸುವವರೇ ಇದ್ದರು.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಲೇಬೇಕು. ಬ್ಲೇಕ್ ಅವರ ನೆನಪನ್ನು ಎಷ್ಟು ನಂಬಬಹುದು? ತಾವು ಹುಟ್ಟಿದ್ದು 1883ರಲ್ಲಿ ಎಂದು ಅವರು ಹೇಳುತ್ತಿದ್ದರು, 1983ರ ಫೆಬ್ರವರಿ 7ರಂದು ನೂರನೇ ಹುಟ್ಟುಹಬ್ಬವೆಂದೇ ಸಂಭ್ರಮ ನಡೆಯಿತು, ಐದು ದಿನಗಳ ಬಳಿಕ ತೀರಿಕೊಂಡರು. ಆಮೇಲೆ ಹೊರಬಂದ ಸರಕಾರಿ ದಾಖಲೆಗಳೆಲ್ಲ ಹೇಳುವುದು 1887 ಎಂದು. ಹಾಗಿದ್ದರೆ ‘86 ವರ್ಷ’ ಎಂದು ಹೆಸರಿಟ್ಟ ಆ ಆಲ್ಬಮ್ ಬಂದಾಗ ಅವರಿಗೆ 82, ‘ಚಾರ್ಲ್ಸ್‌ಟನ್ ರ‍್ಯಾಗ್’ ಕಟ್ಟಿದ್ದು 1899ರಲ್ಲೇ ನಿಜವಾದರೆ ಆಗ ಕೇವಲ 12. ಹನ್ನೆರಡು ವರ್ಷದ ಹುಡುಗ ಇಡೀ ಕೃತಿಯನ್ನು ಈಗಿರುವ ರೂಪದಲ್ಲೇ ಕಟ್ಟಿದ ಎಂಬುದನ್ನು ಅನುಮಾನಿಸುವವರನ್ನು ನಾನು ತಪ್ಪು ಎನ್ನಲಾರೆ. ಆದರೆ ನನ್ನ ವಾದಕ್ಕೆ 1899 ಬೇಕಾಗಿಲ್ಲ. 1917ರ ಸುರುಳಿ, 1921ರ ತಟ್ಟೆ ಯಾರ ನೆನಪಿನ ಮೇಲೂ ನಿಂತಿಲ್ಲ. ಜೋಪ್ಲಿನ್ ತೀರಿಕೊಂಡ ವರ್ಷ ನುಡಿಸಿದ ಕೈಯೇ ಮನುಷ್ಯ ಚಂದ್ರನ ಮೇಲೆ ಇಳಿದ ವರ್ಷವೂ ನುಡಿಸಿದೆ ಎಂಬುದು ಧ್ವನಿಯಲ್ಲಿ ದಾಖಲಾದ ಸಂಗತಿ. ಹೇಳಿದ ಇಸವಿ ತಪ್ಪಿರಬಹುದು, ನುಡಿಸಿದ ಸಂಗೀತ ನಮ್ಮ ಮುಂದಿದೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಬ್ಲೇಕ್ ರ‍್ಯಾಗ್‌ಟೈಮ್‌ಗೇ ಅಂಟಿಕೊಂಡು ಕೂತವರಲ್ಲ, ರಂಗಭೂಮಿಗೆ ಹೋಗಿ ಹೆಸರು ಮಾಡಿದವರು. ಗಾಯಕ, ಗೀತಕಾರ ನೋಬಲ್ ಸಿಸ್ಲ್ ಅವರೊಂದಿಗೆ ಸೇರಿ ಕಟ್ಟಿದ ‘ಶಫಲ್ ಅಲಾಂಗ್’ 1921ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ತೆರೆಕಂಡು ಐನೂರರ ಆಸುಪಾಸು ಪ್ರದರ್ಶನ ಕಂಡಿತು. ಬರೆದವರು, ಸಂಗೀತ ಕೊಟ್ಟವರು, ಆಡಿದವರು ಎಲ್ಲರೂ ಕಪ್ಪುವರ್ಣೀಯರೇ ಆಗಿದ್ದ ಸಂಗೀತ ನಾಟಕವೊಂದು ಅಲ್ಲಿ ಹಾಗೆ ಓಡಿದ್ದು ದೊಡ್ಡ ಸುದ್ದಿ. ಅದರ ‘ಐ ಆಮ್ ಜಸ್ಟ್ ವೈಲ್ಡ್ ಅಬೌಟ್ ಹ್ಯಾರಿ’ ಹಾಡನ್ನು 1948ರಲ್ಲಿ ಅಮೆರಿಕದ ಅಧ್ಯಕ್ಷ ಹ್ಯಾರಿ ಟ್ರೂಮನ್ ಚುನಾವಣಾ ಪ್ರಚಾರಕ್ಕೆ ಬಳಸಿಕೊಂಡರು. 1930ರ ‘ಮೆಮೊರೀಸ್ ಆಫ್ ಯು’ ಇಂದಿಗೂ ಜಾಝ್ ಕಲಾವಿದರು ಬಿಡದ ಹಾಡು. ಎರಡನೇ ಮಹಾಯುದ್ಧದಲ್ಲಿ ಸೈನಿಕರಿಗಾಗಿ ವಾದ್ಯವೃಂದ ಕಟ್ಟಿಕೊಂಡು ತಿರುಗಿದರು. ಇಷ್ಟೆಲ್ಲ ಮಾಡಿದವರನ್ನು ಜೀವನಪೂರ್ತಿ ರ‍್ಯಾಗ್‌ಟೈಮ್ ಪ್ರೇಮಿ ಎನ್ನಬಹುದೇ? ಎನ್ನಬಹುದು, ಅದೂ ಇದೇ ಕಾರಣಕ್ಕೆ. ಹೊಟ್ಟೆಪಾಡು ರ‍್ಯಾಗ್‌ಟೈಮ್‌ನಿಂದಲೇ ಆಗುತ್ತಿದ್ದರೆ ಅದನ್ನು ನುಡಿಸುತ್ತಿದ್ದುದರಲ್ಲಿ ಹೆಚ್ಚುಗಾರಿಕೆ ಇರಲಿಲ್ಲ. ಬೇರೆ ಕಡೆ ಹಣವೂ ಕೀರ್ತಿಯೂ ಸಿಕ್ಕಿದ ಮೇಲೂ ಕೈ ಅದನ್ನು ಮರೆಯಲಿಲ್ಲ. 1946ರಲ್ಲಿ, ಅರವತ್ತು ಹತ್ತಿರವಾಗಿದ್ದಾಗ, ರಂಗದಿಂದ ಹಿಂದೆ ಸರಿದು ನ್ಯೂಯಾರ್ಕ್ ವಿಶ್ವವಿದ್ಯಾಲಯಕ್ಕೆ ವಿದ್ಯಾರ್ಥಿಯಾಗಿ ಸೇರಿ, ಗಣಿತದ ಆಧಾರದ ಮೇಲೆ ಸಂಯೋಜನೆ ಕಲಿಸುವ ಶಿಲಿಂಜರ್ ಪದ್ಧತಿಯನ್ನು ಓದಿದರು. 1950ರ ದಶಕದ ಕೊನೆಗೆ ಮತ್ತೆ ರ‍್ಯಾಗ್‌ಟೈಮ್ ಧ್ವನಿಮುದ್ರಿಕೆಗಳಲ್ಲಿ ಕಾಣಿಸಿಕೊಂಡರು. ‘ದಿ ಸ್ಟಿಂಗ್’ ಬರಲು ಇನ್ನೂ ಹದಿನೈದು ವರ್ಷವಿತ್ತು.

ಬ್ಲೇಕ್ ವೃತ್ತಿಪರರು, ವೇದಿಕೆಯ ಮನುಷ್ಯ. ಸಂಯೋಜಕ ಜೋಸೆಫ್ ಲ್ಯಾಂಬ್ ಹಾಗಲ್ಲ, ಅದಕ್ಕೇ ಅವರ ಬದುಕು ಇನ್ನೂ ಬಲವಾದ ಸಾಕ್ಷಿ. ನ್ಯೂಜೆರ್ಸಿಯಲ್ಲಿ ಹುಟ್ಟಿದ ಈ ಬಿಳಿಯ ತರುಣ ಪಿಯಾನೊವನ್ನು ಮನೆಯಲ್ಲಿ ಅಕ್ಕಂದಿರಿಂದ ಕಲಿತವರು. ಜೋಪ್ಲಿನ್ ಅವರ ಹಾಳೆಗಳೆಂದರೆ ಪ್ರಾಣ. ನ್ಯೂಯಾರ್ಕಿಗೆ ಬಂದಿದ್ದ ಸ್ಟಾರ್ಕ್ ಅವರ ಅಂಗಡಿಯಲ್ಲಿ ಹಾಳೆ ಕೊಳ್ಳಲು ಹೋದಾಗ ಜೋಪ್ಲಿನ್ ಅವರೇ ಸಿಕ್ಕರು. 1908ರಲ್ಲಿ ಲ್ಯಾಂಬ್ ಅವರ ‘ಸೆನ್ಸೇಷನ್’ ಅಚ್ಚಾದಾಗ ಹೊಸಬರ ಕೃತಿ ಮಾರಾಟವಾಗಲಿ ಎಂದು ಜೋಪ್ಲಿನ್ ಅದರ ಮೇಲೆ ತಮ್ಮ ಹೆಸರನ್ನೂ ಹಾಕಲು ಬಿಟ್ಟರು. ಮುಂದಿನ ಹನ್ನೊಂದು ವರ್ಷಗಳಲ್ಲಿ ಸ್ಟಾರ್ಕ್ ಲ್ಯಾಂಬ್ ಅವರ ಒಟ್ಟು ಹನ್ನೆರಡು ರ‍್ಯಾಗ್‌ ಪ್ರಕಟಿಸಿದರು. 1913ರ ‘ಅಮೆರಿಕನ್ ಬ್ಯೂಟಿ’, 1915ರ ‘ರ‍್ಯಾಗ್‌ಟೈಮ್ ನೈಟಿಂಗೇಲ್’ ಕೇಳಿದವರು ಇವರನ್ನು ಜೋಪ್ಲಿನ್ ಪಕ್ಕದಲ್ಲೇ ಕೂರಿಸುತ್ತಾರೆ, ನಾನೂ ಅವರಲ್ಲೊಬ್ಬ. ಆದರೆ ಲ್ಯಾಂಬ್ ಸಂಗೀತವನ್ನು ಕಸುಬಾಗಿ ಹಿಡಿಯಲಿಲ್ಲ. 1914ರಿಂದ 1957ರವರೆಗೆ ಜವಳಿ ವ್ಯಾಪಾರಕ್ಕೆ ಸಂಬಂಧಿಸಿದ ನ್ಯೂಯಾರ್ಕಿನ ಒಂದು ಸಂಸ್ಥೆಯಲ್ಲಿ ನೌಕರಿ ಮಾಡುತ್ತ, ಬ್ರೂಕ್ಲಿನ್‌ನಲ್ಲಿ ಸಂಸಾರ ನಡೆಸುತ್ತ, ಮನೆಯ ಪಿಯಾನೊದಲ್ಲಿ ಮಾತ್ರ ನುಡಿಸಿಕೊಂಡಿದ್ದರು. ಹೊರಗಿನ ಲೋಕ ಅವರನ್ನು ಎಷ್ಟು ಮರೆತಿತ್ತೆಂದರೆ, ಜೋಸೆಫ್ ಲ್ಯಾಂಬ್ ಎಂಬುದು ಜೋಪ್ಲಿನ್ ಇಟ್ಟುಕೊಂಡಿದ್ದ ಸುಳ್ಳು ಹೆಸರಿರಬಹುದು ಎಂದು ನಂಬಿದವರೂ ಇದ್ದರು. 1949ರ ಹೊತ್ತಿಗೆ ರೂಡಿ ಬ್ಲೆಶ್ ಮತ್ತು ಹ್ಯಾರಿಯೆಟ್ ಜಾನಿಸ್ ರ‍್ಯಾಗ್‌ಟೈಮ್ ಚರಿತ್ರೆಗೆ ಮಾಹಿತಿ ಹುಡುಕುತ್ತ ಹೋದಾಗ ಬ್ರೂಕ್ಲಿನ್‌ನ ಆ ಮನೆಯಲ್ಲಿ ಲ್ಯಾಂಬ್ ಇದ್ದರು, ಅರವತ್ತು ದಾಟಿತ್ತು, ಬೆರಳುಗಳಲ್ಲಿ ಹಳೆಯ ಕೃತಿಗಳೆಲ್ಲ ಇದ್ದವು. ಕೇಳುವವರು ಬಂದರೆಂಬ ಹುರುಪಿನಲ್ಲಿ ಅರ್ಧಕ್ಕೆ ಬಿಟ್ಟದ್ದನ್ನು ಪೂರ್ತಿ ಮಾಡಿದರು, ಹೊಸದನ್ನೂ ಬರೆದರು. 1959ರಲ್ಲಿ ಸ್ಯಾಮ್ಯುಯೆಲ್ ಚಾರ್ಟರ್ಸ್ ಎಂಬ ಸಂಗೀತ ಸಂಶೋಧಕರು ಲ್ಯಾಂಬ್ ಅವರ ಮನೆಗೇ ಹೋಗಿ ನುಡಿಸಾಣಿಕೆಯನ್ನು ಧ್ವನಿಮುದ್ರಿಸಿಕೊಂಡರು.

ಪಿಯಾನೊ ಸಂಗೀತದ ಇಂಥ ಕೆಲಸಕ್ಕೆ ಕರ್ನಾಟಕದ ಕೈಯೂ ಒಮ್ಮೆ ಸೇರಿದೆ ಎಂಬುದು ನೆನಪಾಗುತ್ತದೆ. ಅದು ರ‍್ಯಾಗ್‌ಟೈಮ್ ಅಲ್ಲ, ಆದರೆ ಕಾಲ ಸುಮಾರು ಇದೇ. ಲಂಡನ್ನಿನಲ್ಲಿದ್ದ ರಷ್ಯನ್ ಸಂಯೋಜಕ ನಿಕೊಲಾಯ್ ಮೆಟ್ನರ್ ಫ್ಯಾಶನ್ನಿಗೆ ಹೊರತಾಗಿ ಮೂಲೆಗೆ ಬಿದ್ದಿದ್ದಾಗ, ಸ್ವತಃ ಪಿಯಾನೊ ಕಲಿತಿದ್ದ ಜಯಚಾಮರಾಜೇಂದ್ರ ಒಡೆಯರು ಹಣ ಒದಗಿಸಿ, ಮೆಟ್ನರ್ ಸೊಸೈಟಿಯನ್ನು ಸ್ಥಾಪಿಸಿ, ಆ ಸಂಯೋಜಕರು ತಮ್ಮ ಕೃತಿಗಳನ್ನು ತಾವೇ ನುಡಿಸಿ ಮುದ್ರಿಸುವಂತೆ ಮಾಡಿದರು. ಮೆಟ್ನರ್ 1951ರಲ್ಲಿ ತೀರಿಕೊಂಡರು. ಅವರ ಮೂರನೇ ಪಿಯಾನೊ ಕಂಚೆರ್ಟೊ ಮೈಸೂರಿನ ಮಹಾರಾಜರಿಗೆ ಅರ್ಪಿತವಾಗಿದೆ. ಮಾರುಕಟ್ಟೆ ಬೇಡವೆಂದ ಸಂಗೀತವನ್ನು ಪ್ರೀತಿಸುವ ಒಬ್ಬರು ಸಕಾಲದಲ್ಲಿ ಸಿಕ್ಕರೆ ಏನಾಗಬಲ್ಲದು ಎಂಬುದನ್ನು ಮೈಸೂರಿನವರಿಗೆ ಬೇರೆಯವರು ಹೇಳಿಕೊಡಬೇಕಿಲ್ಲ.

ಸಿನಿಮಾ ಮತ್ತು ಹೊಸ ಧ್ವನಿಮುದ್ರಿಕೆಗಳ ಪಾಲನ್ನು ನಾನು ಅಲ್ಲಗಳೆಯುತ್ತಿದ್ದೇನೆ ಎಂದು ಯಾರೂ ತಿಳಿಯಬಾರದು. ಬಾಖ್ ಸಂಗೀತದ ವಿದ್ವಾಂಸರಾದ ಜೋಶುವಾ ರಿಫ್ಕಿನ್ 1970ರಲ್ಲಿ ನಾನ್‌ಸಚ್ ಕಂಪನಿಗೆ ಜೋಪ್ಲಿನ್ ಕೃತಿಗಳನ್ನು ನುಡಿಸಿ, ಇದನ್ನು ಶೋಪ್ಯಾನ್ ಅಥವಾ ಶೂಬರ್ಟ್ ಕೇಳುವಷ್ಟೇ ಗಮನದಿಂದ ಕೇಳಬೇಕೆಂದು ತೋರಿಸಿಕೊಟ್ಟರು. ಬೇಕಾಬಿಟ್ಟಿ ವೇಗದಲ್ಲಿ, ಬೇಕೆಂದೇ ಶ್ರುತಿ ಕೆಡಿಸಿದ ಪಿಯಾನೊದಲ್ಲಿ ರ‍್ಯಾಗ್‌ಟೈಮ್ ಕುಟ್ಟುವ ಚಾಳಿಗೆ ಅದೊಂದು ದೊಡ್ಡ ಉತ್ತರ. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯ 1971ರಲ್ಲಿ ವೆರಾ ಬ್ರಾಡ್ಸ್‌ಕಿ ಲಾರೆನ್ಸ್ ಸಂಪಾದಿಸಿದ ಜೋಪ್ಲಿನ್ ಸಮಗ್ರ ಕೃತಿಗಳನ್ನು ಪ್ರಕಟಿಸಿತು. ಜೋಪ್ಲಿನ್ ಬದುಕಿದ್ದಾಗ ರಂಗಕ್ಕೆ ತರಲಾಗದೆ ನೊಂದ ಅವರ ಅಪೆರಾ ‘ಟ್ರೀಮನಿಶಾ’ 1972ರಲ್ಲಿ ಅಟ್ಲಾಂಟಾದಲ್ಲಿ ಪೂರ್ಣರೂಪದಲ್ಲಿ ಆಡಲ್ಪಟ್ಟಿತು. ಇವೆಲ್ಲವೂ ಸಿನಿಮಾಕ್ಕೆ ಮೊದಲೇ ಆದವು ಎಂಬುದನ್ನು ಇಸವಿಗಳೇ ಹೇಳುತ್ತವೆ. ಬ್ಲೆಶ್ ಮತ್ತು ಜಾನಿಸ್ ಅವರ ‘ದೇ ಆಲ್ ಪ್ಲೇಡ್ ರ‍್ಯಾಗ್‌ಟೈಮ್’ 1950ರಲ್ಲೇ ಬಂದಿತ್ತು, ಬದುಕಿದ್ದ ಹಳೆಯ ವಾದಕರ ಮಾತು ಕೇಳದೆ ಆ ಪುಸ್ತಕ ಬರೆಯುವುದು ಸಾಧ್ಯವಿರಲಿಲ್ಲ. ಅದನ್ನು ಓದಿದ ಪೀಳಿಗೆಯೇ 1970ರ ದಶಕದ ಕೆಲಸಕ್ಕೆ ನೆಲ ಹದಮಾಡಿತು. ಇನ್ನು ‘ದಿ ಸ್ಟಿಂಗ್’ ಕಥೆ ನಡೆಯುವುದು 1936ರಲ್ಲಿ, ರ‍್ಯಾಗ್‌ಟೈಮ್‌ನ ಕಾಲ ಕಳೆದು ಎಷ್ಟೋ ವರ್ಷಗಳಾದ ಮೇಲೆ. ಆ ಸಿನಿಮಾ ನೋಡಿ ಈ ಸಂಗೀತದ ಕಾಲದೇಶಗಳನ್ನು ತಿಳಿದುಕೊಳ್ಳುವವರು ತಪ್ಪನ್ನೇ ತಿಳಿದುಕೊಳ್ಳುತ್ತಾರೆ. ಕೋಟಿ ಕಿವಿಗಳಿಗೆ ಅದನ್ನು ತಲುಪಿಸಿದ ಪುಣ್ಯ ಸಿನಿಮಾದ್ದು, ತಲುಪಿಸಲು ಏನಾದರೂ ಉಳಿದಿರುವಂತೆ ನೋಡಿಕೊಂಡವರು ಬೇರೆ.

ಜನಾಂಗದ್ವೇಷದ ಪ್ರಶ್ನೆಯನ್ನು ಪಕ್ಕಕ್ಕೆ ಸರಿಸುವಂತಿಲ್ಲ. ರ‍್ಯಾಗ್‌ಟೈಮ್ ಹೆಸರಿನಲ್ಲಿ ಮಾರಾಟವಾದ ಎಷ್ಟೋ ಹಾಡುಗಳ ಸಾಹಿತ್ಯ ಕಪ್ಪುವರ್ಣೀಯರನ್ನು ಹೀನಾಯವಾಗಿ ಹೀಯಾಳಿಸುತ್ತದೆ, ಹಾಳೆಗಳ ಮುಖಪುಟದ ಚಿತ್ರಗಳನ್ನು ಇಂದು ನೋಡಿದರೆ ತಲೆತಗ್ಗಿಸಬೇಕಾಗುತ್ತದೆ. ಇಂಥ ಕಾಲದ ಸಂಗೀತವನ್ನು ಪ್ರೀತಿಸುವುದೆಂದರೆ ಆ ಕಾಲವನ್ನೇ ಪ್ರೀತಿಸಿದಂತಲ್ಲವೇ ಎಂದು ಕೇಳುವವರಿದ್ದಾರೆ, ಕೇಳಲೇಬೇಕಾದ ಪ್ರಶ್ನೆ ಅದು. ಆದರೆ ಗುಲಾಮಗಿರಿಯಲ್ಲಿ ಹುಟ್ಟಿದವರ ಮಗನಾದ ಬ್ಲೇಕ್ ಆ ಅವಮಾನದ ಕಾಲವನ್ನು ಹಂಬಲಿಸಿ ರ‍್ಯಾಗ್‌ಟೈಮ್ ನುಡಿಸುತ್ತಿದ್ದರೆಂದು ಹೇಳುವುದು ಅವರಿಗೆ ಇನ್ನೊಂದು ಅವಮಾನ. ಕಪ್ಪು ಕಲಾವಿದರೂ ಮುಖಕ್ಕೆ ಮಸಿ ಬಳಿದುಕೊಂಡು ನಗೆಪಾಟಲಾಗಬೇಕಿದ್ದ ವಿನೋದಾವಳಿ ವೇದಿಕೆಗಳಲ್ಲಿ ಸಿಸ್ಲ್ ಮತ್ತು ಬ್ಲೇಕ್ ಮಸಿ ಬಳಿಯದೆ, ಟಕ್ಸೀಡೊ ತೊಟ್ಟು, ನೇರ ನಿಂತು ಹಾಡಿ ನುಡಿಸಿದರು. ‘ಶಫಲ್ ಅಲಾಂಗ್’ನ ಹಾಸ್ಯನಟರು ಮಾತ್ರ ಮಸಿ ಬಳಿದುಕೊಂಡೇ ಆಡಿದರು. ಅದನ್ನು ಮುಚ್ಚಿಟ್ಟರೆ ಚರಿತ್ರೆ ಹೇಳಿದಂತಾಗುವುದಿಲ್ಲ. ವಿರೋಧ ಎರಡೂ ಕಡೆಯಿಂದ ಇತ್ತು ಎಂಬುದೂ ನೆನಪಿರಲಿ: 1901ರಲ್ಲಿ ಅಮೆರಿಕದ ವಾದ್ಯಗಾರರ ಒಕ್ಕೂಟ ತನ್ನ ಸದಸ್ಯರು ರ‍್ಯಾಗ್‌ಟೈಮ್ ನುಡಿಸಬಾರದೆಂದು ನಿರ್ಣಯ ಮಾಡಿತು, ಬ್ಲೇಕ್ ಅವರ ಮನೆಯೊಳಗೆ ಅದನ್ನು ಬೇಡವೆಂದದ್ದು ಅವರ ತಾಯಿ. ಬಿಳಿಯ ಸಭ್ಯರಿಗೂ ಬೇಡವಾದ, ಚರ್ಚಿನ ಹಿರಿಯರಿಗೂ ಬೇಡವಾದ ಈ ಸಂಗೀತ ಅದನ್ನು ಕಟ್ಟಿದವರ ಸ್ವಂತ ಆಸ್ತಿ. ಅದನ್ನು ಜೀವನಪೂರ್ತಿ ಬಿಡದಿರುವುದು ಆ ಹಕ್ಕನ್ನು ಬಿಡದಿರುವುದೇ ಆಗಿತ್ತು.

ಕೊನೆಗೆ, ಹಳೆಯದಕ್ಕೆ ಅಂಟಿಕೊಂಡವರು ಹೊಸದನ್ನು ಮಾಡಲಾರರು ಎಂಬ ಮಾತು. ಬ್ಲೇಕ್ 1972ರಲ್ಲಿ, 85ರ ವಯಸ್ಸಿನಲ್ಲಿ, ‘ಯೂಬೀಸ್ ಕ್ಲಾಸಿಕಲ್ ರ‍್ಯಾಗ್’ ಬರೆದರು. ಅದೇ ಸುಮಾರಿಗೆ ತಮ್ಮದೇ ಧ್ವನಿಮುದ್ರಿಕೆ ಕಂಪನಿ ತೆರೆದರು. ಊರೂರು ತಿರುಗಿ ನುಡಿಸಿದರು, ತರುಣ ವಾದಕರಿಗೆ ಕಲಿಸಿದರು. 1978ರಲ್ಲಿ ಅವರ ಹಾಡುಗಳಿಂದ ಕಟ್ಟಿದ ‘ಯೂಬಿ!’ ಬ್ರಾಡ್‌ವೇಯಲ್ಲಿ ನಡೆಯಿತು, 1981ರಲ್ಲಿ ಅಮೆರಿಕದ ಅಧ್ಯಕ್ಷರಿಂದ ಸ್ವಾತಂತ್ರ್ಯ ಪದಕ ಬಂತು. ಅವರ ರ‍್ಯಾಗ್‌ಗಳಲ್ಲಿ ರಂಗಸಂಗೀತದ ಸ್ವರಸಂಚಾರ, ವಿಶ್ವವಿದ್ಯಾಲಯದಲ್ಲಿ ಕಲಿತ ಸಂಯೋಜನೆಯ ಕುಶಲತೆ ಎಲ್ಲ ಬಂದು ಸೇರಿಕೊಂಡಿವೆ. 1921ರ ಮುದ್ರಣಕ್ಕೂ 1969ರ ಮುದ್ರಣಕ್ಕೂ ವ್ಯತ್ಯಾಸಗಳಿವೆ, ಅಚ್ಚಾದ ಹಾಳೆಗೂ ಅವೆರಡಕ್ಕೂ ವ್ಯತ್ಯಾಸಗಳಿವೆ. ಶುದ್ಧ ಪಾಠ ಯಾವುದು ಎಂದು ಹುಡುಕುವವರಿಗೆ ಇದರಿಂದ ಕಿರಿಕಿರಿಯಾಗಬಹುದು. ನನಗೆ ಮಾತ್ರ ಇದು ಪೂರ್ವ ಕರಾವಳಿಯ ರ‍್ಯಾಗ್‌ಟೈಮ್ ಹೇಗಿತ್ತೋ ಹಾಗೆ ಉಳಿದು ಬಂದಿದೆ ಎಂಬುದಕ್ಕೆ ಸಾಕ್ಷಿಯಾಗಿ ಕಾಣುತ್ತದೆ, ಏಕೆಂದರೆ ಪ್ರತಿಸಲ ಒಂದಿಷ್ಟು ಬದಲಿಸಿ ನುಡಿಸುವುದೇ ಅಲ್ಲಿನ ಪದ್ಧತಿಯಾಗಿತ್ತು.

ಇಂದು ಬೆಂಗಳೂರಿನಲ್ಲೂ ಪಿಯಾನೊ ಅಥವಾ ಕೀಬೋರ್ಡ್ ಕಲಿಯುವ ಮಕ್ಕಳಿಗೆ ‘ದಿ ಎಂಟರ್‌ಟೇನರ್’ ಸರಳ ಪಾಠವಾಗಿ ಸಿಗುತ್ತದೆ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರು ಅದನ್ನು ಬೇಸಿಗೆಯಲ್ಲಿ ಐಸ್‌ಕ್ರೀಮ್ ಗಾಡಿಯ ಕರೆಯಾಗಿ ಕೇಳಿರುತ್ತಾರೆ. ಕಲಿಸುವವರಲ್ಲಿ ಒಂದು ವಿನಂತಿ. ಮಗುವಿನ ಮುಂದೆ ಆ ಹಾಳೆ ಇಡುವ ಮೊದಲು, ಅಂತರ್ಜಾಲದಲ್ಲಿ ಸುಲಭವಾಗಿ ಸಿಗುವ ಬ್ಲೇಕ್ ಅವರ 1921ರ ತಟ್ಟೆಯನ್ನೂ 1969ರ ಎಲ್‌ಪಿಯನ್ನೂ ಲ್ಯಾಂಬ್ ಅವರು ತಮ್ಮ ಮನೆಯಲ್ಲಿ ನುಡಿಸಿದ ಮುದ್ರಣವನ್ನೂ ಒಮ್ಮೆ ಕೇಳಿಸಿ. ಹಾಗೆಯೇ ನಿಮ್ಮ ಊರಿನಲ್ಲಿ ಯಾವುದೇ ವಾದ್ಯದ ಹಳೆಯ ಬಾಜನ್ನು ಬಿಡದೆ ಹಿಡಿದುಕೊಂಡ ಹಿರಿಯರಿದ್ದರೆ ಈ ವರ್ಷವೇ ಹೋಗಿ ಮುದ್ರಿಸಿಕೊಳ್ಳಿ. ಚಾರ್ಟರ್ಸ್ ಬ್ರೂಕ್ಲಿನ್‌ಗೆ ಹೋದದ್ದು 1959ರಲ್ಲಿ, ಲ್ಯಾಂಬ್ ತೀರಿಕೊಂಡದ್ದು 1960ರ ಸೆಪ್ಟೆಂಬರ್ 3ರಂದು.